ಪತ್ರದ ಕೊನೆಯ ಸಾಲು: ‘ವೈರಸ್ ಇಲ್ಲ’ವೆಂಬ ಪ್ರಮಾಣವಾಕ್ಯ ಮತ್ತು ನಮ್ಮ ನಂಬಿಕೆ

ಚನ್ನಪಟ್ಟಣದ ಬಸ್ ನಿಲ್ದಾಣಕ್ಕೆ ಸಮೀಪದ ಒಂದು ಝೆರಾಕ್ಸ್ ಅಂಗಡಿಯಲ್ಲಿ, ಬೈರಾಪಟ್ಟಣದ ಕಡೆಯಿಂದ ಬಂದ ರೇಷ್ಮೆ ಬೆಳೆಗಾರರಾದ ಗೌಡರೊಬ್ಬರು ತಮ್ಮ ಮಗನಿಗೆ ಇಮೇಲ್‌ನಲ್ಲಿ ಬಂದಿದ್ದ ಕೆಲಸದ ಪತ್ರವನ್ನು ಅಚ್ಚು ಹಾಕಿಸಿಕೊಳ್ಳುತ್ತಿದ್ದಾಗ ನಾನೂ ನನ್ನ ಸರದಿಗಾಗಿ ನಿಂತಿದ್ದೆನು. ಯಂತ್ರದಿಂದ ಹೊರಬಂದ ಹಾಳೆಯ ಅಡಿಯಲ್ಲಿ, ಸಹಿಗಿಂತಲೂ ಕೆಳಗೆ, ಸಣ್ಣ ಅಕ್ಷರಗಳ ಒಂದು ಇಂಗ್ಲಿಷ್ ಸಾಲಿತ್ತು. ಈ ಪತ್ರದಲ್ಲಿ ವೈರಸ್ ಇಲ್ಲ, ಇಂಥ ತಂತ್ರಾಂಶವು ಪರೀಕ್ಷಿಸಿದೆ ಎಂಬುದು ಅದರ ತಾತ್ಪರ್ಯ. ಅದೇನೆಂದು ಗೌಡರು ಕೇಳಿದರು. “ವೈರಸ್ ಇಲ್ಲ ಅಂತ ಬರ್ದೈತೆ ಗೌಡ್ರೆ, ಕಂಪ್ಯೂಟ್ರೇ ಚೆಕ್ ಮಾಡೈತೆ, ಧೈರ್ಯವಾಗಿರಿ” ಎಂದು ಅಂಗಡಿಯ ಹುಡುಗ ಹೇಳಿದನು. ಗೌಡರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, “ಯಾರ್ ಕಂಪ್ಯೂಟ್ರು? ಕಳ್ಸಿದವ್ರದೋ, ನಮ್ದೋ? ಯಾವತ್ತು ನೋಡವ್ರೆ?” ಎಂದರು. ಹುಡುಗನಲ್ಲಿ ಉತ್ತರವಿರಲಿಲ್ಲ.

ಕಾಲು ಶತಮಾನದಿಂದ ಗಣಕ ಸುರಕ್ಷತೆಯ ವಿದ್ವಾಂಸರು ಬಗೆಬಗೆಯಾಗಿ ಚರ್ಚಿಸುತ್ತಿರುವ ಪ್ರಶ್ನೆಯು ಆ ಮೂರು ಮಾತುಗಳಲ್ಲಿ ಹೆಚ್ಚುಕಡಮೆ ಪೂರ್ಣವಾಗಿಯೇ ಅಡಗಿದೆ. ಪತ್ರದೊಡನೆ ತಾನೇ ಪ್ರಯಾಣಮಾಡಿ ಬರುವ ಈ ಪ್ರಮಾಣವಾಕ್ಯವು ಓದುಗನಿಗೆ ನಿಜವಾದ ರಕ್ಷಣೆಯನ್ನು ಸೂಚಿಸುತ್ತದೆಯೋ, ಅಥವಾ ಅವನ ಎಚ್ಚರವನ್ನು ಮಲಗಿಸಿ ಹುಸಿಧೈರ್ಯವನ್ನು ತುಂಬುತ್ತದೆಯೋ? ಈ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಹಲವು ಪಕ್ಷಗಳಿವೆ. ಅವನ್ನು ಪರಿಚಯಿಸುವುದಕ್ಕೆ ಮುನ್ನ, ಗೌಡರಿಗೆ ಅಂಥ ಪ್ರಶ್ನೆ ಅಷ್ಟು ಸಹಜವಾಗಿ ಏಕೆ ಹೊಳೆಯಿತೆಂಬುದನ್ನು ಹೇಳಬೇಕು. ಏಕೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯು ‘ರೋಗವಿಲ್ಲ’ವೆಂಬ ಪ್ರಮಾಣಪತ್ರದೊಡನೆ ಬಹುಕಾಲ ಬಾಳಿದ ಸೀಮೆ.

ಹುಳುವಿನ ಸೀಮೆಯ ಪ್ರಮಾಣಪತ್ರ

ರೇಷ್ಮೆಹುಳುವಿಗೆ ಬರುವ ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿದು ಬರುವ ರೋಗ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅದು ಫ್ರಾನ್ಸಿನ ರೇಷ್ಮೆ ಉದ್ಯಮವನ್ನು ನೆಲಕಚ್ಚಿಸಿದಾಗ, 1865ರಿಂದ ಐದು ವರ್ಷಗಳ ಕಾಲ ಲೂಯಿ ಪಾಶ್ಚರನು ಅದನ್ನು ಅಭ್ಯಾಸಮಾಡಿ, ಅತಿ ಸರಳವಾದ ಒಂದು ವಿಧಾನವನ್ನು ಕೊಟ್ಟನು. ಪ್ರತಿಯೊಂದು ತಾಯಿಚಿಟ್ಟೆಯನ್ನೂ ಬೇರೆ ಬೇರೆಯಾಗಿ ಮೊಟ್ಟೆಯಿಡಿಸಿ, ಅನಂತರ ಆ ಚಿಟ್ಟೆಯನ್ನು ಅರೆದು, ಅದರ ರಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ರೋಗಾಣುಗಳು ಕಂಡುಬಂದರೆ ಆ ಮೊಟ್ಟೆಗಳನ್ನು ನಾಶಮಾಡುವುದು. ಕಾಣದಿದ್ದರೆ ಬಿತ್ತನೆಗೆ ಉಳಿಸಿಕೊಳ್ಳುವುದು. ಇಂದಿಗೂ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವ ತಾಯಿಚಿಟ್ಟೆ ಪರೀಕ್ಷೆಯ ಬೇರು ಇದೇ. ಹೀಗೆ ಪರೀಕ್ಷೆಗೊಳಗಾದ ಮೊಟ್ಟೆಗೆ ‘ರೋಗರಹಿತ ಮೊಟ್ಟೆ’ಯೆಂದು ಹೆಸರು. ಮೈಸೂರು ರಾಜ್ಯವು 1959ರಲ್ಲಿಯೇ ಬಿತ್ತನೆ ಮೊಟ್ಟೆಯ ತಯಾರಿಕೆ, ಹಂಚಿಕೆಗಳನ್ನು ಕಾನೂನಿನ ಕಟ್ಟಿಗೆ ಒಳಪಡಿಸಿತು. ಮೈಸೂರು ತಳಿಯ ಬಿತ್ತನೆ ಗೂಡಿಗೆ ಮಾಗಡಿ, ಕುಣಿಗಲುಗಳ ಸುತ್ತಿನ ಊರುಗಳು ಹೆಸರಾದುವು.

ಆದರೆ ‘ರೋಗರಹಿತ’ವೆಂಬ ಮಾತಿನ ವ್ಯಾಪ್ತಿ ಎಷ್ಟು? ಪರೀಕ್ಷೆಯು ನೋಡುವುದು ಗಂಟುರೋಗವನ್ನು ಮಾತ್ರ. ಹುಳುವಿನ ಮೈ ಊದಿ, ಚರ್ಮ ಒಡೆದು, ಹಾಲಿನಂಥ ದ್ರವ ಸುರಿಯುವ ಹಾಲುತೊಂಡೆ ರೋಗವಾಗಲಿ, ಸಪ್ಪೆರೋಗವಾಗಲಿ, ಸತ್ತ ಹುಳುವನ್ನು ಸುಣ್ಣದ ಕಡ್ಡಿಯಂತೆ ಮಾಡುವ ಸುಣ್ಣಕಟ್ಟು ರೋಗವಾಗಲಿ ಆ ಪರೀಕ್ಷೆಯ ಪರಿಧಿಯಲ್ಲಿಲ್ಲ. ಅವು ಹುಳುಮನೆಯಲ್ಲಿ ಹುಟ್ಟಿ ಹರಡತಕ್ಕವು. ಇವುಗಳಲ್ಲಿ ಹಾಲುತೊಂಡೆಗೆ ಕಾರಣವಾದುದು ಅಕ್ಷರಶಃ ಒಂದು ವೈರಸ್. ಪರೀಕ್ಷೆಗೊಂಡ ಮೊಟ್ಟೆಯನ್ನು ತಂದ ಮನೆಯಲ್ಲಿಯೇ ಹುಳು ಪೊರೆ ಕಳಚುವ ನಾಲ್ಕನೆಯ ಜ್ವರ ಎದ್ದ ಮೇಲೆ ತಟ್ಟೆ ತಟ್ಟೆಯಾಗಿ ಹುಳು ಹಾಲು ಸುರಿಸಿ ಸಾಯುವುದನ್ನು ಕಂಡವರು ಈ ಸೀಮೆಯಲ್ಲಿ ಬಹುಮಂದಿ. 1980ರಲ್ಲಿ ರೇಷ್ಮೆಹುಳುವಿನ ಶತ್ರುವಾದ ಊಜಿ ನೊಣವು ಕರ್ನಾಟಕಕ್ಕೆ ಕಾಲಿಟ್ಟಾಗ, ಮೊಟ್ಟೆಯ ಹಾಳೆಯ ಮೇಲಿನ ಯಾವ ಮುದ್ರೆಯೂ ಅದನ್ನು ಮುಂಗಂಡಿರಲಿಲ್ಲ. ಆವರೆಗೆ ಇಲ್ಲಿಲ್ಲದ ಶತ್ರುವನ್ನು ಹುಡುಕುವ ಪರೀಕ್ಷೆಯಾದರೂ ಎಲ್ಲಿಂದ ಬರಬೇಕು? ಆದುದರಿಂದಲೇ ಅನುಭವಿಯಾದ ಬೆಳೆಗಾರನು ಮುದ್ರೆಯನ್ನು ಗೌರವಿಸುತ್ತಾನೆ, ಆದರೆ ಅದನ್ನು ನಂಬಿ ಹುಳುಮನೆ ತೊಳೆಯುವುದನ್ನು ಬಿಡುವುದಿಲ್ಲ. ಯಾವ ಕೋಠಿಯ ಮೊಟ್ಟೆ, ಯಾವ ದಿನದ ಮೊಟ್ಟೆ ಎಂದು ಕೇಳಿಯೇ ಹಾಳೆಯನ್ನು ಕೈಗೆತ್ತಿಕೊಳ್ಳುತ್ತಾನೆ; ಬೆಳೆ ಕೆಟ್ಟರೆ ಹಿಂದಿರುಗಿ ಹೋಗಿ ಕೇಳಬೇಕಾದ ಬಾಗಿಲು ಯಾವುದೆಂಬುದೂ ಅವನಿಗೆ ಗೊತ್ತು.

ಸಾಲು ಹುಟ್ಟಿದ ಬಗೆ

ಇಮೇಲ್‌ನ ಪ್ರಮಾಣವಾಕ್ಯವು ಭಯದ ಕಾಲದಲ್ಲಿ ಹುಟ್ಟಿತು. 1999ರ ಮಾರ್ಚ್ 26ರಂದು ಹೊರಬಿದ್ದ ಮೆಲಿಸ್ಸಾ ವೈರಸ್, ವರ್ಡ್ ಕಡತದೊಳಗೆ ಅಡಗಿಕೊಂಡು, ತೆರೆದವನ ವಿಳಾಸಪುಸ್ತಕದ ಮೊದಲ ಐವತ್ತು ಮಂದಿಗೆ ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತಿತ್ತು. ಮರುವರ್ಷ ಮೇ 4ರಂದು ಫಿಲಿಪ್ಪೀನ್ಸಿನಿಂದ ಹೊರಟ ‘ಐ ಲವ್ ಯೂ’ ಎಂಬ ಗಣಕದ ಹುಳುವು (ವರ್ಮ್) ಪ್ರೇಮಪತ್ರದ ವೇಷದಲ್ಲಿ ಲೋಕವನ್ನು ಸುತ್ತಿತು. ಅದರ ಕಡತದ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ತಾನಾಗಿಯೇ ಮರೆಮಾಡುತ್ತಿದ್ದುದರಿಂದ, ಆಜ್ಞೆಗಳ ಕಡತವು ಬರಿಯ ಬರೆಹದ ಕಡತದಂತೆ ಕಾಣುತ್ತಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಕಣ್ಣಿಗೆ ಕಂಡ ಗುರುತೇ ಅಂದು ಮೋಸಮಾಡಿತು. ಅನಂತರ 2002ರಲ್ಲಿ ಕ್ಲೆಜ್, 2003ರಲ್ಲಿ ಸೋಬಿಗ್, 2004ರ ಜನವರಿಯಲ್ಲಿ ಬೇಗಲ್ ಮತ್ತು ಮೈಡೂಮ್, ಅವುಗಳ ಬೆನ್ನಿಗೇ ನೆಟ್‌ಸ್ಕೈ.

ಅಂದಿನ ದಿನಗಳಲ್ಲಿ ಪರಿಚಿತರಿಂದ ಬಂದ ಪತ್ರವನ್ನು ತೆರೆಯುವುದಕ್ಕೂ ಕೈ ನಡುಗುತ್ತಿತ್ತು. ಚೆಕ್ ದೇಶದ ಬ್ರ್ನೋ ನಗರದ ಗ್ರಿಸಾಫ್ಟ್ ಸಂಸ್ಥೆಯು ಎವಿಜಿ ಎಂಬ ಆಂಟಿವೈರಸ್ ತಂತ್ರಾಂಶವನ್ನು ಮನೆಬಳಕೆಗೆ ಉಚಿತವಾಗಿ ಕೊಡತೊಡಗಿತು. ಬಳಕೆದಾರನು ಕಳುಹಿಸುವ ಪ್ರತಿಯೊಂದು ಪತ್ರದ ಅಡಿಯಲ್ಲಿಯೂ ‘ಹೊರಹೋಗುವ ಈ ಪತ್ರವು ವೈರಸ್‌ಮುಕ್ತವೆಂದು ಪ್ರಮಾಣೀಕೃತವಾಗಿದೆ’ ಎಂಬರ್ಥದ ಸಾಲನ್ನು ಆ ತಂತ್ರಾಂಶವು ಸೇರಿಸುತ್ತಿತ್ತು. ಪ್ರಾಗ್ ನಗರದ ಅವಾಸ್ಟ್ ಸಂಸ್ಥೆಯೂ ಅದೇ ಹಾದಿ ಹಿಡಿಯಿತು. 2016ರಲ್ಲಿ ಅವಾಸ್ಟ್ ಎವಿಜಿಯನ್ನೇ 130 ಕೋಟಿ ಡಾಲರಿಗೆ ಕೊಂಡುಕೊಂಡಿತು. ಉಚಿತ ತಂತ್ರಾಂಶಕ್ಕೆ ಈ ಸಾಲಿಗಿಂತ ಅಗ್ಗವಾದ ಜಾಹೀರಾತು ಬೇರೊಂದಿರಲಿಲ್ಲ. ಪ್ರಮಾಣಪತ್ರವೂ ಪ್ರಚಾರಪತ್ರವೂ ಒಂದೇ ವಾಕ್ಯದಲ್ಲಿ ಬೆರೆತುದು ಈ ಪ್ರಶ್ನೆಯ ತೊಡಕಿಗೆ ಮೂಲ.

ಇಲ್ಲಿ ಒಂದು ಸಣ್ಣ ವಿವರವನ್ನು ಹತ್ತಿರದಿಂದ ನೋಡುವುದು ಉಚಿತ. ಎವಿಜಿಯ ಹಳೆಯ ಸಾಲಿನಲ್ಲಿ, ವೈರಸ್ ಇಲ್ಲವೆಂಬ ಮಾತಿನ ಜೊತೆಗೆ, ತಂತ್ರಾಂಶದ ಆವೃತ್ತಿಯ ಸಂಖ್ಯೆ, ವೈರಸ್ ಪಟ್ಟಿಯ ಸಂಖ್ಯೆ, ಆ ಪಟ್ಟಿ ಹೊರಬಂದ ದಿನಾಂಕ ಇಷ್ಟೂ ಇರುತ್ತಿದ್ದುವು. ತಿಳಿದವನು ಅದನ್ನು ಓದಿ, ‘ಓ, ಈ ಪಟ್ಟಿ ಎರಡು ತಿಂಗಳು ಹಳೆಯದು’ ಎಂದು ಅರಿಯಬಹುದಾಗಿತ್ತು. ಮುಂದೆ ಬಂದ ರೂಪದಲ್ಲಿ ಉಳಿದುದು ಒಂದು ಚಿತ್ರ, ‘ವೈರಸ್‌ಮುಕ್ತ’ವೆಂಬ ಒಂದು ಪದ, ಸಂಸ್ಥೆಯ ತಾಣಕ್ಕೆ ಒಯ್ಯುವ ಒಂದು ಕೊಂಡಿ. ಪರೀಕ್ಷೆಯ ಮಿತಿಯನ್ನು ಹೇಳುತ್ತಿದ್ದ ಅಂಶಗಳು ಬಿದ್ದುಹೋದುವು, ಭರವಸೆಯೊಂದೇ ಉಳಿಯಿತು. ನನ್ನ ದೃಷ್ಟಿಯಲ್ಲಿ ಇದೊಂದು ನಿಜವಾದ ನಷ್ಟ.

ತಪಾಸಣೆಯು ಏನನ್ನು ಬಲ್ಲದು

ತಂತ್ರಾಂಶವು ಪತ್ರವನ್ನು ‘ನೋಡುವುದು’ ಎಂದರೇನು? ಈ ಮೊದಲು ಸಿಕ್ಕಿಬಿದ್ದ ದುಷ್ಟ ಕಡತಗಳ ಗುರುತುಗಳನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಂಡು, ಹೊಸ ಕಡತದಲ್ಲಿ ಆ ಗುರುತುಗಳಿವೆಯೇ ಎಂದು ಹೋಲಿಸುವುದು ಮೂಲ ವಿಧಾನ. ಕಡತದ ನಡವಳಿಕೆಯನ್ನು ಊಹಿಸಿ ಸಂಶಯಪಡುವುದು ಅನಂತರ ಸೇರಿದ ವಿಧಾನ. ಅಮೆರಿಕದ ಫ್ರೆಡ್ ಕೋಹೆನ್ 1984ರಲ್ಲಿ ಮಂಡಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಯಾವುದೇ ಗಣಕ ಕಾರ್ಯಕ್ರಮವು ವೈರಸ್ಸೋ ಅಲ್ಲವೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ತಪ್ಪದೆ ನಿರ್ಣಯಿಸಬಲ್ಲ ವಿಧಾನವು ಇರಲಾರದೆಂದು ತರ್ಕಬದ್ಧವಾಗಿ ತೋರಿಸಿದನು. ಅಂದರೆ ‘ವೈರಸ್ ಕಂಡುಬಂದಿಲ್ಲ’ ಎಂಬುದು ಹೇಳಬಹುದಾದ ಮಾತು. ‘ವೈರಸ್ ಇಲ್ಲ’ ಎಂಬುದು ಹೇಳಲಾಗದ ಮಾತು. ಈ ಎರಡು ವಾಕ್ಯಗಳ ನಡುವಣ ಅಂತರವು ವ್ಯಾಕರಣದಲ್ಲಿ ಅಲ್ಪ, ಅರ್ಥದಲ್ಲಿ ಅಗಾಧ.

ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯು ದಿನವೊಂದಕ್ಕೆ 4,50,000ಕ್ಕೂ ಹೆಚ್ಚು ಹೊಸ ದುಷ್ಟ ಕಾರ್ಯಕ್ರಮಗಳನ್ನು ದಾಖಲಿಸುವುದಾಗಿ ಹೇಳುತ್ತದೆ. 2014ರ ಮೇ ತಿಂಗಳಲ್ಲಿ, ನಾರ್ಟನ್ ತಂತ್ರಾಂಶವನ್ನು ಮಾರುತ್ತಿದ್ದ ಸಿಮ್ಯಾಂಟೆಕ್ ಸಂಸ್ಥೆಯ ಹಿರಿಯ ಅಧಿಕಾರಿ ಬ್ರಯನ್ ಡೈ, ಆಂಟಿವೈರಸ್ ಹಿಡಿಯುವುದು ಆಕ್ರಮಣಗಳಲ್ಲಿ ಸುಮಾರು ಶೇಕಡ 45ನ್ನು ಮಾತ್ರವೆಂದು ಪತ್ರಿಕೆಗೆ ತಿಳಿಸಿದ್ದನು. ಆ ಸಂಖ್ಯೆಯನ್ನು ಅನೇಕರು ಆಕ್ಷೇಪಿಸಿದರಾದರೂ, ಮಾರುವವನ ಬಾಯಿಂದಲೇ ಬಂದ ಮಾತಾದುದರಿಂದ ಅದು ಬಹುಕಾಲ ನೆನಪಿನಲ್ಲಿ ನಿಂತಿತು.

ಇವೆಲ್ಲದರ ಜೊತೆಗೆ, ತೆರೆಯಲಾಗದ ಪೆಟ್ಟಿಗೆಯ ಸಮಸ್ಯೆಯೂ ಒಂದುಂಟು. 2004ರ ಬೇಗಲ್ ಹುಳುವಿನ ಕೆಲವು ರೂಪಗಳು ತಮ್ಮನ್ನು ಪಾಸ್‌ವರ್ಡ್ ಹಾಕಿದ ಜಿಪ್ ಕಡತದಲ್ಲಿ ಮುಚ್ಚಿಟ್ಟುಕೊಂಡು, ಆ ಪಾಸ್‌ವರ್ಡನ್ನು ಪತ್ರದ ಬರೆಹದಲ್ಲಿ ಕೊಡುತ್ತಿದ್ದುವು. ಮನುಷ್ಯನು ಓದಿ ತೆರೆಯಬಲ್ಲನು; ತಂತ್ರಾಂಶಕ್ಕೆ ಅದು ಸುಲಭವಲ್ಲ. ಇದಕ್ಕೆ ಹೋಲಿಸಿದರೆ ಗೂಗಲ್ ಡ್ರೈವ್ ಕೆಲವೊಮ್ಮೆ ತೋರಿಸುವ ಸಂದೇಶವು ಎಷ್ಟೋ ಪ್ರಾಮಾಣಿಕವಾದುದು: ಈ ಕಡತವು ಬಹಳ ದೊಡ್ಡದು, ಇದನ್ನು ವೈರಸ್‌ಗಾಗಿ ಪರೀಕ್ಷಿಸಲಾಗಲಿಲ್ಲ, ಆದರೂ ಇಳಿಸಿಕೊಳ್ಳುವಿರಾ? ತಾನು ನೋಡದೆ ಬಿಟ್ಟುದು ಯಾವುದೆಂದು ಹೇಳುವ ಪರೀಕ್ಷಕನಲ್ಲಿ ಸಹಜವಾಗಿಯೇ ನಂಬಿಕೆ ಹುಟ್ಟುತ್ತದೆ.

ಹುಸಿಧೈರ್ಯದ ಪಕ್ಷ

ಮೊದಲನೆಯ ಮತ್ತು ಅತ್ಯಂತ ಪ್ರಬಲವಾದ ಪಕ್ಷವು, ಈ ಸಾಲು ಹಾನಿಕರವೆಂದು ನೇರವಾಗಿಯೇ ಹೇಳುತ್ತದೆ. ಅವರ ಮುಖ್ಯ ಸಾಕ್ಷ್ಯವು ನೆಟ್‌ಸ್ಕೈ ಹುಳುವಿನದು. ಜರ್ಮನಿಯ ಹದಿಹರೆಯದ ಹುಡುಗನೊಬ್ಬನು ರಚಿಸಿದ ಆ ಹುಳುವಿನ ಕೆಲವು ರೂಪಗಳು, ತಾವು ಹೊತ್ತುತಂದ ವಿಷದ ಕಡತದ ಪಕ್ಕದಲ್ಲಿಯೇ ‘ಲಗತ್ತಿನಲ್ಲಿ ವೈರಸ್ ಕಂಡುಬಂದಿಲ್ಲ’ ಎಂದು ಬರೆದು, ಪ್ರಸಿದ್ಧ ಆಂಟಿವೈರಸ್ ಸಂಸ್ಥೆಗಳ ಹೆಸರನ್ನು ಅದರ ಕೆಳಗೆ ಅಂಟಿಸುತ್ತಿದ್ದುವು. ಇದಕ್ಕೆ ಯಾವ ಜಾಣ್ಮೆಯೂ ಬೇಕಾಗಿರಲಿಲ್ಲ, ಏಕೆಂದರೆ ಸಾಲು ಬರಿಯ ಅಕ್ಷರಗಳ ಸಾಲು. ಯಾರು ಬೇಕಾದರೂ ಬೆರಳಚ್ಚಿಸಬಹುದು. ಮುದ್ರೆಯ ಅಚ್ಚು ಪ್ರತಿಯೊಬ್ಬನ ಕೈಯಲ್ಲಿಯೂ ಇರುವಾಗ ಮುದ್ರೆಗೆ ಅರ್ಥವೆಲ್ಲಿಂದ ಬರಬೇಕು?

ಆ ಕಾಲದ ಹುಳುಗಳು ಪತ್ರವನ್ನು ಕಳುಹಿಸುವ ಯಂತ್ರವನ್ನು ತಮ್ಮೊಳಗೇ ಹೊತ್ತಿದ್ದುವಾದುದರಿಂದ, ಅವು ಕಳುಹಿಸಿದ ಪತ್ರಗಳು ಬಳಕೆದಾರನ ಇಮೇಲ್ ತಂತ್ರಾಂಶದ ಮೂಲಕ ಹಾದುಹೋಗುತ್ತಲೇ ಇರಲಿಲ್ಲ. ಕ್ಲೆಜ್‌ನಂಥವು ಕಳುಹಿಸಿದವನ ಹೆಸರನ್ನೂ ಸುಳ್ಳಾಗಿ ಬರೆದು, ಆಂಟಿವೈರಸ್ ತಂತ್ರಾಂಶವನ್ನೇ ನಿಷ್ಕ್ರಿಯಗೊಳಿಸುತ್ತಿದ್ದುವು. ಹೀಗಾಗಿ ನಿಜವಾದ ಸಾಲು ನಿರುಪದ್ರವಿಯಾದ ಪತ್ರಗಳಿಗೆ ಮಾತ್ರ ಅಂಟಿಕೊಂಡಿತು, ಅಗತ್ಯವಿದ್ದ ಪತ್ರಗಳಿಗೆ ಅದರ ನಕಲು ಅಂಟಿಕೊಂಡಿತು. ಇಷ್ಟು ಸಾಲದೆಂಬಂತೆ, ಉತ್ತರ ಪ್ರತ್ಯುತ್ತರಗಳ ಸರಪಳಿಯಲ್ಲಿ ತಿಂಗಳ ಹಿಂದಿನ ಸಾಲು ಕೆಳಗೆ ಹಾಗೆಯೇ ಉಳಿದು, ಇಂದು ಸೇರಿಸಿದ ಹೊಸ ಲಗತ್ತಿಗೂ ಅದೇ ಪ್ರಮಾಣವಾಕ್ಯವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ.

ಇವರ ವಾದಕ್ಕೆ ಪಕ್ಕದ ಕ್ಷೇತ್ರಗಳಿಂದಲೂ ಬೆಂಬಲವಿದೆ. ಅಂತರ್ಜಾಲ ತಾಣಗಳಿಗೆ ವಿಶ್ವಾಸಮುದ್ರೆಯನ್ನು ಕೊಡುತ್ತಿದ್ದ ಟ್ರಸ್ಟ್-ಈ ಸಂಸ್ಥೆಯನ್ನು ಕುರಿತು ಬೆಂಜಮಿನ್ ಎಡೆಲ್‌ಮನ್ ನಡೆಸಿದ ಅಧ್ಯಯನದಲ್ಲಿ, ಮುದ್ರೆ ಪಡೆದ ತಾಣಗಳು ಪಡೆಯದವುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಅವಿಶ್ವಸನೀಯವಾಗಿದ್ದುವೆಂದು ತಿಳಿದುಬಂದಿತು. ಮುದ್ರೆಯ ಅಗತ್ಯವು ಅಪ್ರಾಮಾಣಿಕರಿಗೇ ಹೆಚ್ಚಾಗಿ ಇತ್ತೆಂಬುದು ಅದರ ಕಾರಣ. 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅದೇ ಸಂಸ್ಥೆಯು ಸಾವಿರಕ್ಕೂ ಹೆಚ್ಚು ಸಂದರ್ಭಗಳಲ್ಲಿ ವಾರ್ಷಿಕ ಮರುಪರೀಕ್ಷೆಯನ್ನು ಮಾಡಿರಲಿಲ್ಲವೆಂದು ಆರೋಪಿಸಿ ಕ್ರಮ ಕೈಗೊಂಡಿತು. ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ, ಕಾರುಗಳಿಗೆ ರಕ್ಷಣಾ ಸಾಧನಗಳನ್ನು ಕಡ್ಡಾಯಮಾಡಿದಾಗ ಚಾಲಕರು ಹೆಚ್ಚು ಸಾಹಸದಿಂದ ಓಡಿಸಿ ಆ ಲಾಭವನ್ನು ಕರಗಿಸಿಬಿಡುತ್ತಾರೆಂದು ವಾದಿಸಿದ್ದನು. ಅವನ ಲೆಕ್ಕವನ್ನು ಅನಂತರದವರು ಬಹುವಾಗಿ ಪ್ರಶ್ನಿಸಿದರೂ, ರಕ್ಷಣೆಯ ಭಾವನೆಯು ನಡತೆಯನ್ನು ಬದಲಿಸುತ್ತದೆಂಬ ಮೂಲ ಕಲ್ಪನೆಯು ಚರ್ಚೆಯಲ್ಲಿ ಉಳಿದುಕೊಂಡಿದೆ.

ಯಾರೂ ಓದದ ಸಾಲೆಂಬ ಪಕ್ಷ

ಎರಡನೆಯ ಪಕ್ಷದವರು ಕೇಳುವುದು ಇಷ್ಟೇ: ಓದದ ಸಾಲು ಧೈರ್ಯವನ್ನಾದರೂ ಹೇಗೆ ಕೊಟ್ಟೀತು? ರಚನಾ ಧಮೀಜ ಮತ್ತು ಸಂಗಡಿಗರು 2006ರಲ್ಲಿ 22 ಮಂದಿಯನ್ನು ನಿಜವಾದ ಮತ್ತು ನಕಲಿ ತಾಣಗಳ ಮುಂದೆ ಕುಳ್ಳಿರಿಸಿ ನೋಡಿದಾಗ, ಅತ್ಯಂತ ಚೆನ್ನಾಗಿ ಮಾಡಿದ ನಕಲು ಶೇಕಡ 90 ಮಂದಿಯನ್ನು ವಂಚಿಸಿತು. ಶೇಕಡ 23 ಮಂದಿ ಬ್ರೌಸರ್ ತೋರಿಸುವ ಸುರಕ್ಷತಾ ಗುರುತುಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ಮರುವರ್ಷ ಸ್ಟುವರ್ಟ್ ಶೆಕ್ಟರ್ ಮತ್ತು ಸಂಗಡಿಗರು, ಬ್ಯಾಂಕಿನ ತಾಣದಿಂದ ಸುರಕ್ಷಿತ ಸಂಪರ್ಕದ ಗುರುತನ್ನು ತೆಗೆದುಹಾಕಿ ಪರೀಕ್ಷಿಸಿದಾಗ, ಅದನ್ನು ಗಮನಿಸಿ ಪಾಸ್‌ವರ್ಡನ್ನು ತಡೆಹಿಡಿದವರು ಒಬ್ಬರೂ ಇರಲಿಲ್ಲ. ಗುರುತು ಹೋದುದನ್ನೇ ಕಾಣದವರು ಗುರುತು ಇದ್ದುದರಿಂದ ಮೈಮರೆತರೆಂದು ಹೇಳುವುದು ಹೇಗೆ?

ಈ ವಾದದಲ್ಲಿ ತಥ್ಯವಿದೆ. ಆದರೆ ಇದು ಪತ್ರವನ್ನು ಆತುರದಲ್ಲಿ ತೆರೆಯುವವನನ್ನು ಕುರಿತ ಮಾತು. ಅನುಮಾನಗೊಂಡು ಕೊಂಚ ನಿಂತವನನ್ನು ಕುರಿತದ್ದಲ್ಲ. ಅಂಗಡಿಯ ಹುಡುಗನು ಆ ಸಾಲನ್ನು ತಾನಾಗಿ ಓದಿರಲಿಲ್ಲ. ಗೌಡರು ಕೇಳಿದಾಗ, ಸಮಾಧಾನ ಹೇಳಬೇಕಾದಾಗ, ಅದು ಅವನ ಕೈಗೆ ಸಿಕ್ಕಿತು. ದಿನವೂ ಕಣ್ಣಿಗೆ ಬೀಳದ ಮಾತು ಸಂದೇಹದ ಕ್ಷಣದಲ್ಲಿ ಸಾಕ್ಷಿಯಾಗಿ ಎದ್ದು ನಿಲ್ಲುತ್ತದೆ. ಕೇಡು ಆಗುವುದಾದರೆ ಆಗುವುದು ಆಗಲೇ. ಪ್ರಯೋಗಶಾಲೆಯ ಅಧ್ಯಯನಗಳು ಈ ಎರಡನೆಯ ಓದುಗನನ್ನು ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ.

ಊರೊಟ್ಟಿನ ನೈರ್ಮಲ್ಯದ ಪಕ್ಷ

ಮೂರನೆಯವರು ಸಾಲಿನ ಪರವಾಗಿ ನಿಲ್ಲುತ್ತಾರೆ, ಮತ್ತು ಅವರ ಮಾತನ್ನು ತಳ್ಳಿಹಾಕುವುದು ಅನ್ಯಾಯ. 2000ದ ಸುಮಾರಿನಲ್ಲಿ ಎಷ್ಟೋ ಮನೆಗಣಕಗಳಲ್ಲಿ ಯಾವ ರಕ್ಷಣೆಯೂ ಇರಲಿಲ್ಲ. ಗೆಳೆಯನ ಪತ್ರದ ಅಡಿಯಲ್ಲಿ ಸಾಲನ್ನು ಕಂಡು, ‘ಇದು ಉಚಿತವಾಗಿ ಸಿಗುತ್ತದಂತೆ’ ಎಂದು ತಂತ್ರಾಂಶವನ್ನು ಹಾಕಿಕೊಂಡವರು ಅಸಂಖ್ಯರು. ಒಬ್ಬನ ಹುಳುಮನೆ ಸ್ವಚ್ಛವಾದರೆ ನೆರೆಯವನ ಬೆಳೆಗೂ ಲಾಭವೆಂಬುದನ್ನು ಈ ಸೀಮೆಗೆ ಯಾರೂ ಬೋಧಿಸಬೇಕಾಗಿಲ್ಲ; ಊಜಿ ನೊಣವು ಒಬ್ಬನ ಮನೆಯಲ್ಲಿ ಹುಟ್ಟಿ ಕೇರಿಗೆಲ್ಲ ಹಾರುತ್ತದೆ. ಈ ಪಕ್ಷದ ಪ್ರಕಾರ, ಸಾಲಿನ ನಿಜವಾದ ಸಂದೇಶವು ‘ಈ ಪತ್ರ ಶುದ್ಧ’ ಎಂಬುದಲ್ಲ, ‘ನಾನು ಪರೀಕ್ಷಿಸುತ್ತೇನೆ, ನೀವೂ ಪರೀಕ್ಷಿಸಿ’ ಎಂಬುದು.

ಇದನ್ನು ಒಪ್ಪಿದ ಮೇಲೆಯೂ, ಹಾಗಾದರೆ ಹಾಗೆಯೇ ಬರೆಯಬಹುದಾಗಿತ್ತಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಹೊರಹೋಗುವ ಪತ್ರದ ತಪಾಸಣೆಯು ಒಳ್ಳೆಯದು. ಆ ತಪಾಸಣೆಯ ಫಲಿತಾಂಶವು ತಿಳಿಯಬೇಕಾದುದು ಕಳುಹಿಸುವವನಿಗೆ. ಪಡೆಯುವವನಿಗೆ ಬೇಕಾದುದು ತನ್ನ ಕಡೆಯ ಪರೀಕ್ಷೆ. ಬಿತ್ತನೆ ಕೋಠಿಯಲ್ಲಿ ಗಂಟುರೋಗವಿಲ್ಲವೆಂದು ತಿಳಿದ ಮಾತ್ರಕ್ಕೆ ಎಳೆಹುಳು ಸಾಕುವ ಚಾಕಿಮನೆಯ ಬಾಗಿಲಿಗೆ ಸುಣ್ಣ ಹಾಕದೆ ಇರುವವರುಂಟೇ?

ಬೀಗ, ಸಹಿ, ಮುದ್ರೆ

ನಾಲ್ಕನೆಯ ಪಕ್ಷದವರು ಯಂತ್ರಶಿಲ್ಪಿಗಳ ಮನೋಧರ್ಮದವರು. ಅಕ್ಷರದ ಸಾಲಿನಲ್ಲಿ ನಂಬಿಕೆ ಇಡಬೇಡಿ, ಯಂತ್ರವು ಯಂತ್ರದಿಂದ ಕೇಳಿ ತಿಳಿಯಬಲ್ಲ ಸಹಿಯಲ್ಲಿ ಇಡಿ ಎಂಬುದು ಇವರ ನಿಲವು. ಪತ್ರವು ತಾನು ಹೇಳಿಕೊಳ್ಳುವ ಸಂಸ್ಥೆಯ ಸರ್ವರ್‌ನಿಂದಲೇ ಬಂದಿತೇ ಎಂದು ನೋಡುವ ಎಸ್‌ಪಿಎಫ್, ಪತ್ರಕ್ಕೆ ಗೂಢಲಿಪಿಯ ಸಹಿಯನ್ನು ಹಾಕುವ ಡಿಕಿಮ್, ಇವೆರಡೂ ಕೆಟ್ಟರೆ ಏನು ಮಾಡಬೇಕೆಂದು ವಿಧಿಸುವ ಡಿಮಾರ್ಕ್ ಎಂಬ ವ್ಯವಸ್ಥೆಗಳು ಈ ಚಿಂತನೆಯ ಫಲ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಭಾರಿ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಇವನ್ನು ಕಡ್ಡಾಯಗೊಳಿಸಿದುವು. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಅಂಕೀಯ ಸಹಿಗೆ ಕಾನೂನಿನ ಮಾನ್ಯತೆಯನ್ನು ಕೊಟ್ಟುದೂ ಇದೇ ದಿಕ್ಕಿನ ಹೆಜ್ಜೆ.

ಆದರೆ ಇಲ್ಲಿಯೂ ಒಂದು ಕಹಿಪಾಠವಿದೆ. ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಕಾಣುತ್ತಿದ್ದ ಬೀಗದ ಚಿತ್ರವು ಯಂತ್ರದಿಂದ ಪರೀಕ್ಷಿತವಾದ, ಸುಲಭವಾಗಿ ನಕಲು ಮಾಡಲಾಗದ ಗುರುತಾಗಿತ್ತು. ಅದು ಹೇಳುತ್ತಿದ್ದುದು ಸಂಪರ್ಕವು ಗೋಪ್ಯವೆಂದು ಮಾತ್ರ. ಜನರು ಅರ್ಥಮಾಡಿಕೊಂಡುದು ತಾಣವು ಸಾಚಾ ಎಂದು. ಪ್ರಮಾಣಪತ್ರಗಳು ಉಚಿತವಾಗಿ ದೊರೆಯತೊಡಗಿದ ಮೇಲೆ ವಂಚಕರ ತಾಣಗಳೂ ಬೀಗವನ್ನು ಧರಿಸಿದುವು. ಕಡೆಗೆ 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬ್ರೌಸರ್ ಆ ಬೀಗವನ್ನೇ ತೆಗೆದು, ಭದ್ರತೆಯ ಸೂಚನೆಯಿಲ್ಲದ ಬೇರೊಂದು ಚಿಹ್ನೆಯನ್ನಿಟ್ಟಿತು. ನಿಜವನ್ನೇ ಹೇಳುವ ಮುದ್ರೆಯೂ ತಾನು ಹೇಳದ ಮಾತಿಗೆ ಹೊಣೆಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನರಿಯೆ.

ಇದರ ವಿಪರೀತವನ್ನು ಝೆರಾಕ್ಸ್ ಅಂಗಡಿಗಳಲ್ಲಿ ದಿನವೂ ಕಾಣಬಹುದು. ಸರ್ಕಾರದ ತಾಣದಿಂದ ಇಳಿಸಿಕೊಂಡ ಆಧಾರ್ ಪತ್ರದಲ್ಲಿ ಅಂಕೀಯ ಸಹಿಯು ಇರುತ್ತದೆ. ಆದರೆ ಓದುವ ತಂತ್ರಾಂಶಕ್ಕೆ ಆ ಸಹಿಯ ಮೂಲವನ್ನು ಪರಿಚಯಿಸಿರದಿದ್ದರೆ, ಅದರ ಮೇಲೆ ಹಳದಿಯ ಪ್ರಶ್ನಾರ್ಥಕ ಚಿಹ್ನೆಯೊಂದು ಮೂಡಿ, ಸಿಂಧುತ್ವ ತಿಳಿಯದೆಂದು ಸಾರುತ್ತದೆ. ಅಚ್ಚಿಗೆ ಕೊಟ್ಟವರು ಗಾಬರಿಯಾಗುತ್ತಾರೆ. ಅಂಗಡಿಯವನು “ಅದಂಗೇ ಬರೋದು, ಏನೂ ಆಗಕಿಲ್ಲ” ಎನ್ನುತ್ತಾನೆ. ಹೀಗೆ ಸಾಚಾ ದಾಖಲೆಯ ಮೇಲೆ ಸಂದೇಹದ ಗುರುತು, ಯಾರು ಬೇಕಾದರೂ ಬೆರಳಚ್ಚಿಸಬಹುದಾದ ಸಾಲಿನಲ್ಲಿ ನಿಸ್ಸಂದೇಹದ ಭರವಸೆ. ಇವೆರಡನ್ನೂ ಒಂದೇ ದಿನ ಕಂಡ ಮನುಷ್ಯನು ಯಾವ ಗುರುತನ್ನು ನಂಬುವುದನ್ನು ಕಲಿತಾನು?

ಇಂದಿನ ಹಾದಿಗಳು

ನಮ್ಮ ತಾಲ್ಲೂಕುಗಳಲ್ಲಿ ಇಂದು ಕೇಡು ಬರುವುದು ಹೆಚ್ಚಾಗಿ ಇಮೇಲ್‌ನಿಂದಲ್ಲ, ವಾಟ್ಸಾಪ್‌ನಿಂದ. ಮದುವೆಯ ಆಮಂತ್ರಣವೆಂದೋ, ವಾಹನದ ದಂಡದ ಚಲನ್ ಎಂದೋ, ಸರ್ಕಾರದ ಯೋಜನೆಯ ಅರ್ಜಿಯೆಂದೋ ಹೆಸರಿಟ್ಟುಕೊಂಡು ಬರುವ ಎಪಿಕೆ ಎಂಬ ಆ್ಯಪ್ ಕಡತವನ್ನು ಒತ್ತಿ ಅಳವಡಿಸಿಕೊಂಡರೆ, ಮೊಬೈಲಿನ ಒಟಿಪಿ ಸಂದೇಶಗಳು ಪರರ ಪಾಲಾಗುತ್ತವೆ. ಬೆಳೆಗಾರನ ಗೂಡಿನ ಹಣವೂ ಈಗ ಬ್ಯಾಂಕಿನ ಖಾತೆಗೇ ಬೀಳುವ ಕಾಲವಾದುದರಿಂದ ಈ ಅಪಾಯವು ದೂರದ್ದಲ್ಲ. ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯಲ್ಲಂತೂ ಕಡತದ ವೈರಸ್ಸೇ ಇಲ್ಲ. ತನಿಖಾ ಸಂಸ್ಥೆಗಳ ಹೆಸರು, ಲಾಂಛನ, ಮೊಹರುಗಳನ್ನು ಹೊತ್ತ ನಕಲಿ ಆದೇಶಪತ್ರವೇ ಆಯುಧ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ ಭಾಷಣದಲ್ಲಿ ಪ್ರಧಾನಮಂತ್ರಿಗಳು ಈ ವಂಚನೆಯನ್ನು ಕುರಿತು ಎಚ್ಚರಿಸಿ, 1930 ಎಂಬ ಸಹಾಯವಾಣಿಯನ್ನು ನೆನಪಿಸಿದರು. ಅಂಥ ಪತ್ರದ ಅಡಿಯಲ್ಲಿ ‘ವೈರಸ್ ಇಲ್ಲ’ವೆಂಬ ಸಾಲು ನಿಜವಾಗಿಯೇ ಇದ್ದರೆ ಅದು ಸತ್ಯವೇ ಆಗಿರುತ್ತದೆ, ಪತ್ರವು ಮಾತ್ರ ಆದ್ಯಂತ ಸುಳ್ಳು. ಗಂಟುರೋಗವಿಲ್ಲದ ಮೊಟ್ಟೆಯಿಂದ ಬಂದ ಹುಳು ಹಾಲುತೊಂಡೆಯಿಂದ ಸಾಯುವ ಪ್ರಸಂಗವೇ ಇದು.

ಆ ದಿನ ಗೌಡರು ಹಾಳೆಯನ್ನು ಮಡಚಿ ಜೇಬಿಗಿಡಲಿಲ್ಲ. ಮಗನಿಗೆ ಫೋನ್ ಮಾಡಿ, ಕೆಲಸ ಕೊಟ್ಟವರ ಕಚೇರಿ ಎಲ್ಲಿದೆ, ಅಲ್ಲಿ ಹೋಗಿ ಕಂಡುಬಂದವರು ಯಾರಾದರೂ ಇದ್ದಾರೆಯೇ, ಮೊದಲೇ ದುಡ್ಡು ಕಟ್ಟೆಂದು ಕೇಳಿದ್ದಾರೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಅಡಿಯ ಸಾಲಿನ ವಿಷಯವನ್ನು ಮತ್ತೆ ಎತ್ತಲಿಲ್ಲ.

ಇತ್ಯರ್ಥವಾಗದೆ ಉಳಿದವು

ನಾಲ್ಕು ಪಕ್ಷಗಳಲ್ಲಿ ಮೊದಲನೆಯದರ ಕಡೆಗೆ ನನ್ನ ಮನಸ್ಸು ವಾಲಿದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಯಾರು, ಯಾವಾಗ, ಯಾವುದಕ್ಕಾಗಿ ನೋಡಿದರೆಂದು ಕೇಳಲಾಗದ, ಕೇಳಿದರೂ ಉತ್ತರ ಹೇಳುವ ಬಾಗಿಲಿಲ್ಲದ ಪ್ರಮಾಣವಾಕ್ಯವು ಓದುಗನಿಗೆ ಸಲ್ಲತಕ್ಕುದಲ್ಲ. ಆದರೂ ವಾದವು ಮುಗಿಯಿತೆನ್ನಲಾಗದ ಸ್ಥಳಗಳು ಹಲವು.

ಹುಸಿಧೈರ್ಯವನ್ನು ಅಳೆಯುವ ಬಗೆಯೇ ಮೊದಲ ತೊಡಕು. ಕಡತವನ್ನು ತೆರೆದವನು ಸಾಲನ್ನು ನಂಬಿ ತೆರೆದನೋ, ಕಳುಹಿಸಿದ ಗೆಳೆಯನನ್ನು ನಂಬಿ ತೆರೆದನೋ, ಏನನ್ನೂ ಯೋಚಿಸದೆ ತೆರೆದನೋ ಎಂಬುದನ್ನು ಬೇರ್ಪಡಿಸಿ ತೋರಿಸಬಲ್ಲ ಪ್ರಯೋಗವನ್ನು ರೂಪಿಸುವುದು ಕಷ್ಟ. ಪ್ರಯೋಗಕ್ಕೆ ಕುಳಿತಿದ್ದೇನೆಂದು ಬಲ್ಲವನ ಎಚ್ಚರವು ಮನೆಯಲ್ಲಿ ಕುಳಿತವನ ಎಚ್ಚರವಲ್ಲ.

ಎಚ್ಚರಿಕೆಯ ಗುರುತು ಕೆಲವಕ್ಕೆ ಮಾತ್ರ ಇದ್ದಾಗ ಗುರುತಿಲ್ಲದವುಗಳ ಗತಿ ಏನೆಂಬುದು ಮತ್ತೊಂದು. ಗಾರ್ಡನ್ ಪೆನ್ನಿಕುಕ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಸುಳ್ಳುಸುದ್ದಿಗಳಿಗೆ ಎಚ್ಚರಿಕೆಯ ಪಟ್ಟಿ ಹಚ್ಚಿದಾಗ, ಪಟ್ಟಿಯಿಲ್ಲದ ಸುಳ್ಳುಗಳು ಮೊದಲಿಗಿಂತ ಹೆಚ್ಚು ನಿಜವೆಂಬಂತೆ ಓದುಗರಿಗೆ ತೋರಿದುವು. ಹಾಗಾದರೆ ‘ಪರೀಕ್ಷಿಸಲಾಗಲಿಲ್ಲ’ವೆಂಬ ಪ್ರಾಮಾಣಿಕ ಸಂದೇಶವೂ, ಅದಿಲ್ಲದ ಕಡತಗಳಿಗೆ ಮೌನವಾದ ಪ್ರಮಾಣಪತ್ರವಾಗಿ ಪರಿಣಮಿಸುವುದೇ? ಮೇಲೆ ನಾನು ಮೆಚ್ಚಿದ ಉದಾಹರಣೆಯನ್ನೇ ಈ ಪ್ರಶ್ನೆಯು ಅಲುಗಾಡಿಸುತ್ತದೆ.

ಹೊಣೆಯ ಪ್ರಶ್ನೆಯು ಎಲ್ಲಕ್ಕಿಂತ ಕಠಿನವಾದುದು. ಬಿತ್ತನೆ ಮೊಟ್ಟೆಗೆ 1959ರ ಕಾಯಿದೆಯಿದೆ, 2006ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಕಾಯಿದೆಗೆ ಆದ ತಿದ್ದುಪಡಿಯಿದೆ. ಪರವಾನಗಿ ಪಡೆದವನಿಗೆ ಹೆಸರಿದೆ, ಊರಿದೆ. ಪತ್ರದ ಅಡಿಯ ಸಾಲು ಸುಳ್ಳಾಗಿ ಒಬ್ಬನು ಹಣ ಕಳೆದುಕೊಂಡರೆ, ಸಾಲನ್ನು ಸೇರಿಸಿದ ತಂತ್ರಾಂಶದ ಸಂಸ್ಥೆಯು ಉತ್ತರ ಹೇಳಬೇಕೇ, ಅದನ್ನು ತೆಗೆಯದೆ ಬಿಟ್ಟ ಕಳುಹಿಸಿದವನೇ, ಅಥವಾ ನಂಬಿದವನೇ ನಷ್ಟವನ್ನು ಹೊರಬೇಕೇ? ಉಚಿತವಾಗಿ ಕೊಟ್ಟ ವಸ್ತುವಿನ ಮೇಲೆ ಬರೆದ ಪ್ರಮಾಣಕ್ಕೆ ಕಾನೂನಿನಲ್ಲಿ ಎಷ್ಟು ತೂಕ? ಮತ್ತು ಇಂಗ್ಲಿಷಿನಲ್ಲಿ ಬರೆದ ಆ ವಾಕ್ಯವನ್ನು, ಝೆರಾಕ್ಸ್ ಅಂಗಡಿಯ ಹುಡುಗನ ಬಾಯಿಂದ ಕನ್ನಡದಲ್ಲಿ ಕೇಳಿ ತಿಳಿದವನ ಪಾಲಿಗೆ, ಪ್ರಮಾಣ ಮಾಡಿದವರು ಯಾರು?